ಆ ತಾಯಿಯ ಕೋಶಗಳು

"ಗುರುಗಳೇ, ತಪ್ಪು ಮಾಡಿದವನು ಹತ್ತು ಜನರೆದುರು ನಿಂತು ಒಪ್ಪಿಕೊಂಡರೆ ಆ ತಪ್ಪು ಕಳೆದಂತೆಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ. ಕೇಳಿದ ರೀತಿಯಲ್ಲಿ ಆತುರವಿತ್ತು. ಯಾವುದೋ ಸಭೆಯಲ್ಲಿ ತಾನು ಆಡಬೇಕಾದ ಮಾತನ್ನು ಆಗಲೇ ಹೊಂದಿಸಿಟ್ಟುಕೊಂಡವನಂತೆ ಕಂಡ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವಿಜ್ಞಾನಿಯಿದ್ದ. ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಕ್ಯಾನ್ಸರಿನ ಗುಟ್ಟು ಹುಡುಕುವುದು ಅವನ ಕೆಲಸ. ಸ್ತನದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸು ತನ್ನ ಗಡ್ಡೆಯ ಚೂರೊಂದನ್ನು ಅವನ ಸಂಶೋಧನೆಗೆ ಕೊಟ್ಟಳು. "ನಂದಂತೂ ಮುಗೀತ್ರಿ. ಇದನ್ನ ಇಟ್ಕೊಂಡು ನನ್ನ ಮಗಳಿಗರೆ ಒಂದು ದಾರಿ ಮಾಡ್ರಿ" ಎಂದಳು. ವಿಜ್ಞಾನಿ ಆಗಲಿ ಎಂದ. ಹೆಂಗಸು ಸತ್ತಳು. ಅವಳ ಕೋಶಗಳು ತಟ್ಟೆಯಲ್ಲಿ ಬದುಕಿದವು.

ಮಕ್ಕಳಿಗೆ ಉಣಿಸುವಂತೆ ಅವನು ಅವಕ್ಕೆ ಹೊತ್ತುಹೊತ್ತಿಗೆ ಉಣಿಸಿದ. ಹಬ್ಬವೆನ್ನಲಿಲ್ಲ, ಮದುವೆ ಮುಂಜಿ ಎನ್ನಲಿಲ್ಲ. ಅವುಗಳ ಮೇಲೆ ಒಂದರ ಹಿಂದೊಂದು ಪ್ರಬಂಧ ಬರೆದ. ಯಾವುದೋ ಗಿಡದ ಸತ್ವ ಆ ಕೋಶಗಳನ್ನು ಕೊಲ್ಲುತ್ತದೆ ಎಂದು ತೋರಿಸಿದ. ದೇಶ ವಿದೇಶದವರು ಅವನ ಮಾತನ್ನು ಪ್ರಮಾಣವೆಂದು ಎತ್ತಿ ಹೇಳಿದರು. ಒಂದು ಆಸ್ಪತ್ರೆಯವರು ಆ ಸತ್ವವನ್ನೇ ಔಷಧ ಮಾಡಿ ರೋಗಿಗಳಿಗೆ ಕೊಟ್ಟು ಪರೀಕ್ಷಿಸಲು ಸಿದ್ಧರಾದರು. ಅವನ ಸಾಧನೆಯ ಪಟ್ಟಿ ಓದಿ ಮುಗಿಸುವಷ್ಟರಲ್ಲಿ ಸಭೆಯ ಕಾಫಿ ಆರುತ್ತಿತ್ತು.

ಆಗ ಅವನ ವಿದ್ಯಾರ್ಥಿನಿಯೊಬ್ಬಳು ಆ ಕೋಶಗಳನ್ನು ಬೇರೊಂದು ಕಾರಣಕ್ಕೆ ಪರೀಕ್ಷಿಸಿದಳು. ಗಂಡಸರಲ್ಲಿ ಮಾತ್ರ ಇರುವ ವರ್ಣತಂತು ಅವುಗಳಲ್ಲಿ ಕಂಡಿತು. ಮತ್ತೆ ಮತ್ತೆ ನೋಡಿದಳು. ಆಮೇಲೆ ಬಂದು ಅವನ ಮುಂದೆ ನಿಂತಳು.

"ಸರ್, ಇವು ಗಂಡಸಿನ ಕೋಶ. ಆ ತಾಯಿದು ಒಂದೂ ಉಳಿದಿಲ್ಲ."

ಪಕ್ಕದ ತಟ್ಟೆಯಲ್ಲಿ ಬೇರೊಬ್ಬ ರೋಗಿಯ, ಬೇರೆಯೇ ಬಗೆಯ ಕ್ಯಾನ್ಸರಿನ ಕೋಶಗಳಿದ್ದವು. ಬಲು ಬೇಗ ಬೆಳೆಯುವಂಥವು. ಎರಡಕ್ಕೂ ಒಂದೇ ಬಾಟಲಿಯಿಂದ ಉಣಿಸುವಾಗ ಎಂದೋ ಒಂದು ಹನಿ ಅದರಿಂದ ಇದಕ್ಕೆ ಬಂದಿತ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ ಅವು ತಟ್ಟೆಯನ್ನೆಲ್ಲ ಆಕ್ರಮಿಸಿದ್ದವು. ಉಣಿಸಿದ ಕೈ ವಿಜ್ಞಾನಿಯದೇ, ಬೇರೆ ಯಾರನ್ನೂ ದೂರುವಂತಿರಲಿಲ್ಲ. ಇಷ್ಟು ಕಾಲದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಅವನು ಕೆಟ್ಟವನಲ್ಲ. ಹೇಳಲೇಬೇಕು ಎಂದುಕೊಂಡ. ಆದರೆ ಮೊದಲು ಈ ಹುಡುಗಿಯ ಪದವಿ ಮುಗಿಯಲಿ ಎಂದ. ಪದವಿ ಮುಗಿಯಿತು. ಸಂಸ್ಥೆಯ ಹೊಸ ಕಟ್ಟಡಕ್ಕೆ ಮಂಜೂರಾತಿ ಸಿಗಲಿ ಎಂದ. ಅದೂ ಸಿಕ್ಕಿತು. ಮುಂದೂಡುವವನಿಗೆ ನೆಪಗಳ ಬರವಿಲ್ಲ. ಹಿರಿಯನೇ ಬಾಯಿ ಮುಚ್ಚಿದ ಮೇಲೆ ವಿದ್ಯಾರ್ಥಿನಿಯೂ ಮುಚ್ಚಿದಳು. ವಿಜ್ಞಾನಿಗೆ ಮಾತ್ರ ಉಂಡ ಅನ್ನ ಮೈಗೆ ಹತ್ತದಾಯಿತು.

ಹೀಗಿರುವಾಗ ಸತ್ತವಳ ಮಗಳು ಅವನನ್ನು ಹುಡುಕಿಕೊಂಡು ಬಂದಳು. ಅವಳಿಗೂ ಅದೇ ರೋಗ ಬಂದಿತ್ತು. ಬಂದವಳೇ ಕಾಲಿಗೆರಗಿದಳು.

"ಡಾಕ್ಟರು ಈಗ ಆಪರೇಷನ್ ಮಾಡಿಸ್ಕೊಂಡ್ರ ಉಳೀತಿ ಅಂದ್ರು. ನಾ ಒಲ್ಲೆ ಅಂದೆ. ನಿಮ್ಮ ಔಷಧಕ್ಕ ಹೆಸರು ಬರೆಸೀನ್ರಿ. ನಮ್ಮವ್ವನ ಕೋಶ ಸಾಕಿ ಕಂಡುಹಿಡಿದದ್ದು, ಅದು ನನಗ ನಾಟದ ಇನ್ಯಾರಿಗೆ ನಾಟತೈತ್ರಿ?"

ನಿಜ ವಿಜ್ಞಾನಿಯ ನಾಲಿಗೆಯ ತುದಿಯವರೆಗೂ ಬಂತು. ಅವಳ ಮುಖ ನೋಡಿದ. "ಎಲ್ಲಾ ಚಲೋ ಆಗ್ತದವ್ವಾ, ಹೋಗಿ ಬಾ" ಎಂದ. ಅವಳು ಕಣ್ಣೊರೆಸಿಕೊಂಡು ನಗುತ್ತ ಹೋದಳು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ.

ಅಂದೇ ಕುಳಿತು ಬರೆದ. ತನ್ನ ಪ್ರಬಂಧಗಳಲ್ಲಿ ಒಂದೂ ನಿಲ್ಲುವಂಥದಲ್ಲ, ಎಲ್ಲವನ್ನೂ ಹಿಂಪಡೆಯುತ್ತಿದ್ದೇನೆ, ತಪ್ಪು ತನ್ನದೇ ಎಂದು ಲೋಕದ ವಿಜ್ಞಾನಿಗಳಿಗೆಲ್ಲ ತಿಳಿಸಿದ. ಬದುಕಿಡೀ ಗಳಿಸಿದ್ದನ್ನು ಕೈಯಾರೆ ಅಳಿಸಿದ. ಆ ಬರಹ ಅಚ್ಚಾಗಲು ತಿಂಗಳುಗಳೇ ಹಿಡಿದವು. ಅಚ್ಚಾದ ಮೇಲೆ ಆಸ್ಪತ್ರೆಯವರು ಪರೀಕ್ಷೆಯನ್ನು ಕೈಬಿಟ್ಟರು. ಬಂದ ರೋಗಿಗಳಿಗೆ ಆ ಔಷಧ ಸದ್ಯಕ್ಕಿಲ್ಲ ಎಂದು ಹೇಳಿ ಕಳಿಸಿದರು.

ಎಲ್ಲರೂ ಛೀಮಾರಿ ಹಾಕುತ್ತಾರೆ ಎಂದು ವಿಜ್ಞಾನಿ ಹೆದರಿದ್ದ. ಆದದ್ದೇ ಬೇರೆ. ತುಂಬಿದ ಸಭೆಯಲ್ಲಿ ಅವನು ತನ್ನ ತಪ್ಪನ್ನು ಓದಿ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ಪ್ರಾಮಾಣಿಕನನ್ನು ಕಂಡಿಲ್ಲ ಎಂದು ಶಾಲು ಹೊದಿಸಿದರು. ಅವನ ಎದೆಯ ಭಾರ ಇಳಿಯಿತು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ದೊಡ್ಡ ಮನುಷ್ಯ! ತನ್ನ ಹೆಸರನ್ನೇ ಪಣಕ್ಕಿಟ್ಟು ನಿಜ ಹೇಳಿದನಲ್ಲ" ಎಂದ. ಆಮೇಲೆ, "ಆ ಮಗಳು ಏನಾದಳು?" ಎಂದು ಕೇಳಿದ.

ಗುರುಗಳು ಹೇಳಿದರು: "ಔಷಧ ಮತ್ತೆ ಬಂದೀತೆಂದು ಕಾಯುತ್ತಲೇ ಸತ್ತಳು, ಲೋಕಕ್ಕೆಲ್ಲ ನಿಜ ಹೇಳಿದವನು ಅವಳೊಬ್ಬಳಿಗೆ ಹೇಳಿರಲಿಲ್ಲ."