ತುಂಬಗೇರಿಯ ಕಾಗದಗಲ್ಲು

ಫಕೀರಪ್ಪ ಮೊದಲ ಸಲ ಊರು ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ, ಮಂಗಳವಾರ. ತುಂಬಗೇರಿಯ ಹಿರಿಯರು ಈ ದಿನವನ್ನು ಇಂದಿಗೂ ತಪ್ಪದೆ ಹೇಳುತ್ತಾರೆ. ಹೇಳುವಾಗ ಅವರ ಕೈ ತಾನಾಗಿಯೇ ತೆಂಕಣ ದಿಕ್ಕಿಗೆ ಏಳುತ್ತದೆ. ಅಲ್ಲಿ ಬಂಡಿದಾರಿ ಕವಲೊಡೆಯುವ ಕಡೆ ಕೂತ ಆನೆಯಷ್ಟು ದೊಡ್ಡದೊಂದು ಬಂಡೆಯಿದೆ. ನೆತ್ತಿ ಚಪ್ಪಟೆ, ಊರ ಕಡೆಯ ಮಗ್ಗುಲಲ್ಲಿ ಮೊಳಕೈವರೆಗೆ ಕೈ ಹೋಗುವ ಪೊಟರೆ. ಮೇಲೆ ದೇವರಿಲ್ಲ, ಶಾಸನವಿಲ್ಲ, ಒಂದು ಕುಂಕುಮದ ಬೊಟ್ಟೂ ಇಲ್ಲ. ಆದರೂ ಅದಕ್ಕೆ ಕಾಗದಗಲ್ಲು ಎಂದು ಹೆಸರು. ಹೊಸಬರು ಕಲ್ಲು ಕಾಗದದ ಹಾಗೆ ಪದರು ಬಿಡುತ್ತದೇನೋ ಎಂದು ಉಗುರಿನಿಂದ ಕೆರೆದು ನೋಡುವುದುಂಟು. ಊರವರು ನಕ್ಕು, ನೆರಳಿಗೆ ಕರೆದು ಕೂರಿಸಿಕೊಳ್ಳುತ್ತಾರೆ.

ಅದು ಮೊದಲನೆಯ ಮಹಾಯುದ್ಧಕ್ಕೂ ಹತ್ತು ಹನ್ನೆರಡು ವರ್ಷ ಮೊದಲಿನ ಮಾತು. ಎರಡನೆಯ ಇಯತ್ತೆಯ ಫಕೀರಪ್ಪ ಅಂದು ಪಾಟಿಯನ್ನು ಶಾಲೆಯ ಕಿಟಕಿಯಲ್ಲಿಟ್ಟು, ದಾರಿಯಲ್ಲಿ ಹೋಗುತ್ತಿದ್ದ ಕುರಿಹಿಂಡಿನ ಹಿಂದೆ ನಡೆದುಬಿಟ್ಟನಂತೆ. ಮೂರು ತಿಂಗಳಿಗೆ ತಿರುಗಿ ಬಂದ. ಆಮೇಲೆ ಹೋಗುವುದು, ಬರುವುದು ನಡೆದೇ ಇತ್ತು. ತಾಯಿ ಬಾಳವ್ವ, ಮದುವೆ ಮಾಡಿದರೆ ಓಡುವ ದನದ ಕಾಲಿಗೆ ಕುಂಟೆ ಕಟ್ಟಿದ ಹಾಗಾದೀತೆಂದು ಹುಲಿಗೆವ್ವನನ್ನು ಸೊಸೆಯಾಗಿ ತಂದಳು. ಕುಂಟೆ ಎರಡು ವರ್ಷ ತಡೆಯಿತು. ಯುದ್ಧ ಶುರುವಾದ ಹೊಸತರಲ್ಲಿ ಒಂದು ದಿನ ಎತ್ತು ಮಾರಲು ಸಂತೆಗೆ ಹೋದವನು ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಪಲ್ಟನ್ನು ಸೇರಿ, ಹಡಗು ಹತ್ತಿ ಅರಬರ ನಾಡಿನ ಬಸರಾ ಕಡೆಗೆ ಹೊರಟುಹೋದ.

ಮನೆಯಲ್ಲಿದ್ದಾಗ ಫಕೀರಪ್ಪನ ಬಾಯಲ್ಲಿ ದಿನಕ್ಕೆ ನಾಲ್ಕು ಮಾತು ಹೊರಟರೆ ಹೆಚ್ಚು. ಅಂಥವನು ಯುದ್ಧದ ನಡುವಿನಿಂದ ಹೆಂಡತಿಗೆ ಕಾಗದದ ಮೇಲೆ ಕಾಗದ ಬರೆದ. ಹುಲಿಗೆವ್ವನಿಗೆ ಓದು ಬಾರದು. ಟಪಾಲು ತರುವ ಹೊನ್ನೂರಸಾಬನೇ ಜಗುಲಿಯ ಮೇಲೆ ಕೂತು ಆ ಸೊಟ್ಟ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಿದ್ದ. ಬಿಸಿಲಿಗೆ ಬಂದೂಕಿನ ಕಬ್ಬಿಣ ಮುಟ್ಟಲಾಗುವುದಿಲ್ಲವೆಂದೂ, ತನ್ನ ಹೇಸರಗತ್ತೆ ಗುಂಡು ತಗಲಿ ಸತ್ತಾಗ ಅದರ ಹೊಟ್ಟೆಗೊರಗಿ ರಾತ್ರಿ ಕಳೆದೆನೆಂದೂ, ನೀನು ರೊಟ್ಟಿ ಬಡಿಯುವ ಸದ್ದು ಕಿವಿಯಲ್ಲೇ ಇದೆಯೆಂದೂ ಬರೆದಿರುತ್ತಿದ್ದ. ಒಮ್ಮೊಮ್ಮೆ ಹೊನ್ನೂರಸಾಬ ಕೆಮ್ಮಿ ನಿಲ್ಲಿಸುವನು.

“ಮುಂದಿನ ಸಾಲು ನಾ ಓದಂಗಿಲ್ಲವ್ವಾ. ನಾ ಗಡ್ಡ ಹಣ್ಣಾದ ಮನಷ್ಯಾ.”

“ಬರದಾವಗ ನಾಚಿಕಿಲ್ಲ, ಓದಾವ್ರಿಗ್ಯಾಕ್ರಿ ಅಣ್ಣಾ? ಓದ್ರಿ,” ಎನ್ನುವಳು ಹುಲಿಗೆವ್ವ, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಮದುವೆಯಾಗಿ ಎರಡು ವರ್ಷ ಒಂದೇ ಸೂರಿನಡಿ ಇದ್ದರೂ ಸಿಗದ ಗಂಡ ಆ ಜಗುಲಿಯ ಮೇಲೆ ಸಿಕ್ಕಿದನೆಂದು ಅವಳಿಗೆ ಅನ್ನಿಸಿತು ಎನ್ನುತ್ತಾರೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಹೊನ್ನೂರಸಾಬ ಜ್ವರ ಬಂದು ಮಲಗಿದ. ಅವನ ಬದಲಿಗೆ ಬಂದವನು ದಾರಿಯ ಬಂಡೆಯ ಹತ್ತಿರ ಸಿಕ್ಕ ಬಾಳವ್ವನ ಕೈಗೆ ಒಂದು ಕಾಗದ ಕೊಟ್ಟು ಮುಂದಿನ ಊರಿಗೆ ಹೋಗಿಬಿಟ್ಟ. ಕಾಗದದ ಮೂಲೆ ಹರಿದಿತ್ತು. ನಮ್ಮ ಕಡೆ ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿದು ಕಳಿಸುತ್ತಾರೆ. ಅದನ್ನು ಹೊಸ್ತಿಲೊಳಗೆ ತರಬಾರದು. ಅಕ್ಷರ ಬಾರದ ಬಾಳವ್ವನಿಗೆ ಮೂಲೆಯೇ ಎಲ್ಲವನ್ನೂ ಹೇಳಿಬಿಟ್ಟಿತು. ಕಾಗದವನ್ನು ಬಂಡೆಯ ಪೊಟರೆಗೆ ತುರುಕಿ, ಬಾಯಿ ಬಡಿದುಕೊಳ್ಳುತ್ತ ಊರಿಗೆ ಓಡಿದಳು. ಓದಿಸಿ ನೋಡೋಣ ಎಂದು ಯಾರೂ ಅನ್ನಲಿಲ್ಲ. ಅಂಥ ಕಾಗದವನ್ನು ಯಾರು ಓದುತ್ತಾರೆ? ಹುಲಿಗೆವ್ವನ ಬಳೆ ಒಡೆದರು. ಹನ್ನೊಂದನೆಯ ದಿನ ಕರ್ಮ ಮುಗಿಸಿ ಊರಿಗೆ ಊಟ ಹಾಕಿದರು.

ತಿಂಗಳ ಮೇಲೆ ಎದ್ದು ಬಂದ ಹೊನ್ನೂರಸಾಬನ ಚೀಲದಲ್ಲಿ ಇನ್ನೊಂದು ಕಾಗದವಿತ್ತು. ಅದೇ ಸೊಟ್ಟ ಅಕ್ಷರ, ಹೊಸ ತಾರೀಖು. “ಸತ್ತಾಂವ ಕಾಗದಾ ಬರೀತಾನೇನ್ರೋ, ಹುಚ್ಚರಾ!” ಎಂದು ಅವನು ಚಾವಡಿಯಲ್ಲಿ ಕೂಗಾಡಿದ. ಪೊಟರೆಯಲ್ಲಿದ್ದುದನ್ನೂ ತೆಗೆಸಿ ಓದಿದ. ಫಕೀರಪ್ಪ ತಾನಿರುವ ಜಾಗದ ಹೆಸರನ್ನು ಮೂಲೆಯಲ್ಲಿ ಬರೆದಿದ್ದನಂತೆ. ಶತ್ರುವಿಗೆ ತಿಳಿಯಬಾರದೆಂದು ಪಲ್ಟನ್ನಿನ ಸಾಹೇಬರು ಅಷ್ಟನ್ನು ಕಿತ್ತು ಕಳಿಸಿದ್ದರು.

ಬಾಳವ್ವ ನೆಲಕ್ಕೆ ಹಣೆ ಬಡಿದುಕೊಂಡು ಅತ್ತಳು. ಆದರೆ ಆದ ಕರ್ಮವನ್ನು ಆಗಿಲ್ಲ ಎನ್ನಲು ದೈವದವರಿಗೆ, ಅಂದರೆ ಊರ ಪಂಚರಿಗೆ, ದಾರಿ ತೋಚಲಿಲ್ಲ. ಮನೆಗೆ ಅವನು ಸತ್ತವನೇ. ಅವನಾಗಿ ಬಂದು, ಊರು ಅವನನ್ನು ಹೊಸದಾಗಿ ಹುಟ್ಟಿಸಿ, ತೊಟ್ಟಿಲ ಹೆಸರಿಟ್ಟು, ಅದೇ ಹೆಂಡತಿಗೆ ಮತ್ತೆ ತಾಳಿ ಕಟ್ಟಿಸಿದ ಮೇಲೆಯೇ ಬಳೆ. ಅಲ್ಲಿಯವರೆಗೆ ಅವನ ಕಾಗದವೂ ಹೊಸ್ತಿಲು ದಾಟುವ ಹಾಗಿಲ್ಲ ಎಂದರು. ಹೀಗೆ ಗಂಡ ಬದುಕಿರುವುದು ಎಲ್ಲರಿಗೂ ಗೊತ್ತಿದ್ದೂ ಹುಲಿಗೆವ್ವ ಬರಿಗೈಯವಳಾದಳು. ಉಡಿ ತುಂಬುವಲ್ಲಿಗೆ ಅವಳನ್ನು ಕರೆಯಲಿಲ್ಲ. ಗಂಡ ಸತ್ತವರೂ ತಮ್ಮ ಸಾಲಿನಲ್ಲಿ ಕೂರಿಸಿಕೊಳ್ಳಲಿಲ್ಲ. ಟಪಾಲು ಬರುವ ಗುರುವಾರ ಅವಳು ಒಬ್ಬಳೇ ಬಂಡೆಗೆ ಬರುವಳು. ಹೊನ್ನೂರಸಾಬ ಓದಿ ಹೋದ ಮೇಲೆ ಕಾಗದವನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೂರುವಳು. ಆಮೇಲೆ ಪೊಟರೆಗಿಟ್ಟು ಕಲ್ಲಿನಿಂದ ಮುಚ್ಚುವಳು. ಮೂರು ಮಳೆಗಾಲ ಹೀಗೆ ಕಳೆದವು.

ಯುದ್ಧ ನಿಂತ ಮರುವರ್ಷ ಫಕೀರಪ್ಪ ಬಂದ. ಊರ ಪದ್ಧತಿಯಂತೆ ಅವನನ್ನು ಬಂಡೆಯ ಹತ್ತಿರವೇ ತಡೆದರು. ಸೋಮವಾರ ಹುಟ್ಟಿಸುವ ಶಾಸ್ತ್ರ, ಅಲ್ಲಿಯವರೆಗೆ ಮೂರು ದಿನ ಅಲ್ಲೇ ಇರಬೇಕು. ಹೊಸ ಕೂಸಿನ ಹಾಗೆ ಮುಂದೆ ವರ್ಷ ತುಂಬುವ ತನಕ ಊರ ಎಲ್ಲೆ ದಾಟಬಾರದು. ಅವನು ಎಲ್ಲದಕ್ಕೂ ತಲೆ ಆಡಿಸಿದ. ಹುಲಿಗೆವ್ವ ಹೊತ್ತು ಹೊತ್ತಿಗೆ ರೊಟ್ಟಿ ತಂದು ಎದುರು ಕೂತಳು. “ಉಪ್ಪು ಐತಿ?” ಎಂದರೆ “ಐತಿ.” “ಕಾಲು ಯಾಕ ಕುಂಟತೀ?” ಎಂದರೆ “ಹಂಗಽ.” ಅವನ ಕಣ್ಣು ದಾರಿಯ ಕವಲಿನ ಮೇಲೆಯೇ. ಎರಡನೆಯ ದಿನ ಅವಳು ಪೊಟರೆಯಿಂದ ಒಂದು ಕಾಗದ ತೆಗೆದು, ನೀನೇ ಓದು ಎಂದಳು. ನಾಲ್ಕು ಸಾಲು ಓದಿ ನಿಲ್ಲಿಸಿದ. ಯಾರೋ ಬೇರೆಯವರದನ್ನು ಕದ್ದು ಓದಿದವನ ಹಾಗೆ ಮಡಚಿ ಕೊಟ್ಟು, “ಇಷ್ಟೆಲ್ಲಾ ನಾನಽ ಬರದೆನೇನು?” ಎಂದ.

ಸೋಮವಾರ ಬೆಳಿಗ್ಗೆ ಊರವರಿಗಿಂತ ಮುಂಚೆ ಅವಳು ಬಂದಳು. ಶಾಸ್ತ್ರಕ್ಕೆಂದು ತಂದ ಒಂದು ಡಜನ್ ಹಸಿರು ಬಳೆ ಉಡಿಯಲ್ಲಿದ್ದವು. ಫಕೀರಪ್ಪ ಬಂಡೆಯ ಮೇಲೆ ಮೊಣಕಾಲೂರಿ ಕಂಬಳಿ ಸುತ್ತುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಅವಳು ಇರು ಎಂದಿದ್ದರೆ ಇರುತ್ತಿದ್ದನೆಂದು ಹಿರಿಯರು ಇಂದಿಗೂ ವಾದಿಸುತ್ತಾರೆ.

“ಇರತಿ,” ಎಂದಳಂತೆ ಹುಲಿಗೆವ್ವ. “ಕಟ್ಟಿ ಹಾಕಿದ್ರ ಇರತಿ. ಆದ್ರ ಮಾತಾಡಂಗಿಲ್ಲ. ಹೋಗು. ದೂರ ಹೋದ ಮ್ಯಾಲ ಮಾತಾಡ್ತಿ.” ಅಷ್ಟು ಹೇಳಿ, ಯಾವ ಶಾಸ್ತ್ರಕ್ಕೂ ಕಾಯದೆ, ಉಡಿಯ ಬಳೆಗಳನ್ನು ಒಂದೊಂದಾಗಿ ತಾನೇ ತೊಟ್ಟುಕೊಂಡಳು. ಊರು ಬಂದು ನೋಡುವಾಗ ಅವನು ಕವಲು ದಾಟಿ ಹೋಗಿದ್ದ, ಅವಳ ಎರಡೂ ಕೈ ತುಂಬಿದ್ದವು. ಬದುಕಿರುವವನ ಹೆಂಡತಿಯ ಬಳೆಯನ್ನು ಎರಡನೆಯ ಸಲ ಒಡೆಯಲು ಯಾರಿಗೂ ಕೈ ಬರಲಿಲ್ಲ.

ಆಮೇಲೆ ಕಾಗದ ಬಂದವೆನ್ನುವವರೂ ಇದ್ದಾರೆ, ಒಂದೂ ಬರಲಿಲ್ಲವೆನ್ನುವವರೂ ಇದ್ದಾರೆ. ಪೊಟರೆಯಲ್ಲಿದ್ದವನ್ನು ಗೆದ್ದಲು ತಿಂದು ಯಾವ ಕಾಲವಾಯಿತೋ. ಈಗ ಹೋದವರಿಗೆ ಕಾಣುವುದು ಬಂಡೆಯ ನೆತ್ತಿಯ ಮೇಲಿನ ಎರಡು ಸಣ್ಣ ಗುಳಿಗಳು ಮಾತ್ರ. ಅವು ಫಕೀರಪ್ಪನ ಮೊಣಕಾಲಿನ ಗುರುತು ಎನ್ನುತ್ತಾರೆ. ಅಲ್ಲಿ ಮೊಣಕಾಲೂರಿ ಕೂತು ನೋಡಿದರೆ ದಾರಿ ಬೆನ್ನಿಗೆ ಬೀಳುತ್ತದೆ, ಎದುರಿಗೆ ಊರು. ಆ ಬೆಳಿಗ್ಗೆ ಅವನು ಊರಿನತ್ತಲೇ ಮುಖ ಮಾಡಿ, ಕಂಬಳಿಗೆ ಹಗ್ಗ ಸುತ್ತಿ, ಗಂಟನ್ನು ಹಲ್ಲಿನಿಂದ ಬಿಗಿಯುತ್ತಿದ್ದ.