ಹಗ್ಗವಿಲ್ಲದ ಗಳಿಗೆ

"ಗುರುಗಳೇ, ನಲವತ್ತು ವಟುಗಳನ್ನು ಹಿಡಿತಕ್ಕೆ ತಂದುಕೊಳ್ಳುವುದು ಹೇಗೆ?" ಎಂದು ಮರುಳಯ್ಯ ಕೇಳಿದ.

ಅಂದು ಸಂಜೆ ಗುರುಗಳು ದೂರದ ಶಾಖಾಮಠಕ್ಕೆ ಹೊರಡುವವರಿದ್ದರು. ತಿರುಗಿ ಬರುವುದು ಆರು ತಿಂಗಳ ಮೇಲೆ. ಅಲ್ಲಿಯವರೆಗೆ ಮಠವೆಲ್ಲ ಮರುಳಯ್ಯನ ಕೈಯಲ್ಲಿ. ಹನ್ನೆರಡು ವರ್ಷ ಅವರ ಬಳಿ ಇದ್ದ ಶಿಷ್ಯ ಅವನು. ದಿನಾ ಬೆಳಗಿನ ಜಾವ ಗುರುಗಳು ಅವನ ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಿದ್ದರು. ಅವನು ದಡಬಡಿಸಿ ಎದ್ದು ಸ್ನಾನಕ್ಕೆ ಓಡುತ್ತಿದ್ದ. ವಟುಗಳಿಂದ ಮಾತ್ರ ಅವನಿಗೆ ಸಾಕುಸಾಕಾಗಿತ್ತು.

"ನಾನು ಎದುರಿಗಿದ್ದರೆ ಪಾಠ, ಬೆನ್ನು ತಿರುಗಿಸಿದರೆ ಸಂತೆ. ಬೆತ್ತ ಹಿಡಿದೂ ನೋಡಿದೆ. ನೀವು ಬರುವಷ್ಟರಲ್ಲಿ ಮಠವೇ ಬರಿದಾದರೆ ಯಾವ ಮುಖ ಹೊತ್ತು ನಿಮ್ಮೆದುರು ನಿಲ್ಲಲಿ?"

"ಬೆತ್ತದವರೆಗೂ ಬಂತೇ? ಭೇಷ್!" ಎಂದು ಗುರುಗಳು ನಕ್ಕರು. "ಕೂತುಕೋ. ಒಂದು ಎತ್ತಿನ ಕತೆ ಹೇಳುತ್ತೇನೆ."

ಒಬ್ಬ ರೈತನಿದ್ದ. ಅವನ ಜೋಡೆತ್ತಿನಲ್ಲಿ ಒಂದು ಸತ್ತಿತು. ಅದೇ ವಾರ ಮಳೆ ಬಿದ್ದು ಹೊಲ ಹದಕ್ಕೆ ಬಂತು. ಆ ಹದ ನಿಲ್ಲುವುದು ನಾಲ್ಕೇ ದಿನ. ಅಷ್ಟರಲ್ಲಿ ಬಿತ್ತದಿದ್ದರೆ ವರ್ಷದ ಅನ್ನಕ್ಕೇ ಸಂಚಕಾರ. ಅವನು ಪಕ್ಕದೂರಿಗೆ ಓಡಿ ಒಬ್ಬ ಮುದುಕನಿಂದ ಎತ್ತು ಕೊಂಡ.

ಆ ಸೀಮೆಯಲ್ಲಿ ಒಂದು ಪದ್ಧತಿ. ಎತ್ತು ಮಾರಿದವನು ತನ್ನ ಹಗ್ಗ ಕೊಡುವುದಿಲ್ಲ. ಕೊಟ್ಟರೆ ಕೊಟ್ಟಿಗೆಯ ಭಾಗ್ಯವೂ ಜೊತೆಗೆ ಹೋಗುತ್ತದೆಂದು ನಂಬಿಕೆ. ಮೊದಲು ಅವನು ತನ್ನ ಹಗ್ಗ ಬಿಚ್ಚಬೇಕು, ಆಮೇಲೆ ಕೊಂಡವನು ತನ್ನದನ್ನು ಕಟ್ಟಬೇಕು. ನಡುವಿನ ಒಂದು ಗಳಿಗೆ ಎತ್ತಿನ ಕೊರಳಲ್ಲಿ ಯಾರ ಹಗ್ಗವೂ ಇರುವುದಿಲ್ಲ.

ರೈತನಿಗೆ ಆ ಗಳಿಗೆಯದೇ ಭಯ. ಮುದುಕ ಬಿಚ್ಚುವ ಮೊದಲೇ ತನ್ನ ಹಗ್ಗ ಬಿಗಿದುಬಿಟ್ಟ.

"ಅಯ್ಯೋ ಮಾರಾಯ, ಅಷ್ಟೇನು ಅವಸರ?" ಎಂದ ಮುದುಕ.

"ನನ್ನ ಕೈಗೆ ಸಿಕ್ಕ ದನ ತಪ್ಪಿಸಿಕೊಂಡದ್ದೇ ಇಲ್ಲ" ಎಂದು ರೈತ ಅದನ್ನು ದರದರ ಎಳೆದುಕೊಂಡು ಹೋದ.

ಬೆಳಗಾಗುವಷ್ಟರಲ್ಲಿ ಎತ್ತು ಹಗ್ಗ ಹರಿದುಕೊಂಡು ಮುದುಕನ ಕೊಟ್ಟಿಗೆಗೆ ಬಂದಿತ್ತು. ರೈತ ಬಂದು ಎರಡು ಹಗ್ಗ ಹಾಕಿ ಎಳೆದೊಯ್ದ. ಮಾರನೆಯ ದಿನ ಅದು ಗೂಟ ಸಮೇತ ಕಿತ್ತುಕೊಂಡು ಬಂತು. ಇನ್ನು ಉಳಿದದ್ದು ಎರಡೇ ದಿನದ ಹದ. ರೈತ ಮುದುಕನ ಜಗಲಿಯ ಮೇಲೆ ಕುಸಿದು ಕೂತ. ಅಳು ಬರುವುದೊಂದೇ ಬಾಕಿ.

"ಎಳೆದದ್ದು ಸಾಕು. ಇವತ್ತೊಂದು ದಿನ ಅದರ ಜೊತೆ ಇದ್ದು ನೋಡು" ಎಂದ ಮುದುಕ.

ರೈತ ಇದ್ದ. ಹುಲ್ಲು ಕೊಯ್ದು ಹಾಕಿದ, ಮೈ ತಿಕ್ಕಿದ, ಅಂಗೈಯಲ್ಲಿ ಹಿಂಡಿ ತಿನ್ನಿಸಿದ. ಬಿಸಿಲು ಏರಿದ ಹಾಗೆಲ್ಲ ಒಣಗುತ್ತಿರುವ ಹೊಲ ನೆನಪಾಗುತ್ತಿತ್ತು. ಆದರೂ ಏಳಲಿಲ್ಲ. ಹೊತ್ತು ಇಳಿದಾಗ ಮುದುಕ ಬಂದು, ಬೆಳಿಗ್ಗೆ ಮತ್ತೆ ಕಟ್ಟಿದ್ದ ತನ್ನ ಹಗ್ಗ ಬಿಚ್ಚಿಕೊಂಡ. ಈ ಸಲ ರೈತ ತನ್ನದನ್ನು ಕಟ್ಟಲಿಲ್ಲ. ಹೆಗಲ ಮೇಲೆ ಹಾಕಿಕೊಂಡು, ತಿರುಗಿ ನೋಡದೆ ಊರ ದಾರಿ ಹಿಡಿದ. ಊರ ಬಾವಿ ದಾಟಿದ ಮೇಲೆ ಬೆನ್ನಿಗೆ ಬಿಸಿಯುಸಿರು ತಾಕಿತು. ಮಾರನೆಯ ದಿನ ಕತ್ತಲಾಗುವುದರೊಳಗೆ ಅವನು ಹೊಲವಷ್ಟನ್ನೂ ಬಿತ್ತಿ ಮುಗಿಸಿದ.

ಮರುಳಯ್ಯನ ಮುಖ ಅರಳಿತು.

"ತಿಳಿಯಿತು, ಗುರುಗಳೇ! ಬೆತ್ತ ಇವತ್ತೇ ಒಲೆಗೆ ಹಾಕುತ್ತೇನೆ. ಹಗ್ಗವಿಲ್ಲದೆಯೂ ಆ ವಟುಗಳು ನಿಲ್ಲುವಂತೆ ಮಾಡುತ್ತೇನೆ, ನೀವು ನಿಶ್ಚಿಂತೆಯಿಂದ ಹೋಗಿಬನ್ನಿ."

ಗುರುಗಳು ಶಾಲು ಕೊಡವಿ ಹೊದ್ದುಕೊಂಡು ಎದ್ದರು.

"ಅವರದು ಹಾಗಿರಲಿ ಮರುಳಯ್ಯ, ನಾಳೆ ಬೆಳಗಿನ ಜಾವ ನಿನ್ನ ಬಾಗಿಲಲ್ಲಿ ಕೆಮ್ಮುವುದಕ್ಕೆ ನಾನಿರುವುದಿಲ್ಲವಲ್ಲ, ನೀನು ಏಳುತ್ತೀಯೋ?"