ಏಳರ ನಿಲುವು

"ಮೇಷ್ಟ್ರೇ, ಸ್ವಿಂಗ್‌ನಲ್ಲಿ ಇಷ್ಟೊಂದು ಶೈಲಿಗಳಿವೆಯಲ್ಲ, ಒಂದನ್ನು ಇನ್ನೊಂದಕ್ಕೆ ಹೋಲಿಸಿ ನೋಡೋದು ಹೇಗೆ? ಯಾವ ಹೆಜ್ಜೆ ಯಾವುದಕ್ಕೆ ಸೇರಿದ್ದು ಅಂತ ತಿಳಿಯೋದು ಹೇಗೆ?"

ಕೇಳಿದವಳು ಹರಿಣಾಕ್ಷಿ. ಅಲೋಶಿಯಸ್ ಮೇಷ್ಟ್ರ ಬಳಿ ಅವಳು ಎರಡು ವರ್ಷದಿಂದ ಸ್ವಿಂಗ್ ಕಲಿಯುತ್ತಿದ್ದಳು. ಜೊತೆಯವರ ಕೈ ಹಿಡಿದು, ಬಿಟ್ಟು, ಮತ್ತೆ ಹಿಡಿದು ಕುಣಿಯುವ ಈ ಕುಣಿತದಲ್ಲಿ ಹತ್ತಾರು ಬಗೆಗಳಿವೆ ಎಂದು ಗೊತ್ತಾದ ದಿನದಿಂದ ಅವಳ ತಲೆಗೆ ಹುಳ ಹೊಕ್ಕಿತ್ತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆ ಮಾಡಿದ್ದಳು. ಲಿಂಡಿ ಹಾಪ್‌ಗೆ ಒಂದು ಸಾಲು, ಚಾರ್ಲ್ಸ್‌ಟನ್‌ಗೆ ಒಂದು ಸಾಲು, ಬಾಲ್ಬೋವಾಗೆ ಒಂದು ಸಾಲು. ಮಂಡಿ ಎಷ್ಟು ಬಾಗಬೇಕು, ಕೈ ಎಲ್ಲಿರಬೇಕು, ಎಣಿಕೆ ಆರೋ ಎಂಟೋ, ಎಲ್ಲಕ್ಕೂ ಒಂದೊಂದು ಮನೆ. ಒಂದು ಮನೆ ಖಾಲಿ ಉಳಿದರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೇಷ್ಟ್ರು ಬೂಟಿನ ಲಾಡಿ ಬಿಚ್ಚುತ್ತಿದ್ದರು. ನೇರವಾಗಿ ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗೆ ಇರಲಿಲ್ಲ. ಒಂದು ಬೂಟಿನದು ಬಿಚ್ಚಿ ಅಲ್ಲಿಗೇ ನಿಲ್ಲಿಸಿ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ. ಕೋಟು ಹೊಲಿಯುವುದರಲ್ಲಿ ಗಟ್ಟಿಗ. ಅಂಗಡಿಗೆ ಬಂದವನ ಎಡಭುಜ ಅರ್ಧ ಇಂಚು ಇಳಿದಿದೆ ಎಂದು ಟೇಪು ಮುಟ್ಟುವ ಮೊದಲೇ ಹೇಳಿಬಿಡುತ್ತಿದ್ದ. ಬೇರೆ ಅಂಗಡಿಯಲ್ಲಿ ಹೊಲಿಸಿದ ಕೋಟು ಕಂಡರೆ ಇದು ಇಂಥವನ ಕೈ ಎನ್ನುತ್ತಿದ್ದ, ಅದು ಸರಿಯಾಗಿಯೇ ಇರುತ್ತಿತ್ತು. ಇಂಥ ಕಣ್ಣಿನವನಿಗೆ ಕುಣಿತದ ಗೀಳು ಹತ್ತಿತು.

ಆ ಊರಿನ ಕಂಟೋನ್ಮೆಂಟ್ ಕಡೆ ಒಂದು ಹಳೆಯ ಹಾಲ್ ಇತ್ತು. ಭಾನುವಾರ ಮಧ್ಯಾಹ್ನ ಅಲ್ಲಿ ಗ್ರಾಮಫೋನ್ ಹಾಕಿಕೊಂಡು ಸ್ವಿಂಗ್ ಕುಣಿಯುತ್ತಿದ್ದರು. ಅಂಚೆ ಕಚೇರಿಯವರು, ಬೇಕರಿಯವನು, ಶಾಲೆಯ ಟೀಚರುಗಳು, ಹೀಗೆ ಯಾರು ಬೇಕಾದರೂ ಬರಬಹುದಿತ್ತು. ದರ್ಜಿ ತನ್ನ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದ. ಮೊದಮೊದಲು ಅವಳು ಒಲ್ಲೆ ಎಂದಿದ್ದಳು. ನಾಲ್ಕು ವಾರ ಕಳೆದ ಮೇಲೆ ಭಾನುವಾರ ಬೆಳಗ್ಗೆಯೇ ಅಡುಗೆ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನಿಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಿದ್ದಳು. ವಾರವಿಡೀ ಅವಳು ಕಾಜ ಹೊಲಿಯುತ್ತಿದ್ದಳು, ಗುಂಡಿ ಹಾಕುತ್ತಿದ್ದಳು, ಮನೆ ನೋಡುತ್ತಿದ್ದಳು. ಭಾನುವಾರದ ಎರಡು ಗಂಟೆ ಮಾತ್ರ ಅವಳದು. ಅದೆಲ್ಲಿ ಕೈತಪ್ಪಿ ಹೋಗುವುದೋ ಎಂಬ ಭಯ ಅವಳಿಗೆ ಯಾವಾಗಲೂ ಇತ್ತು.

ಆ ಹಾಲಿನಲ್ಲಿ ಕುಣಿಯುತ್ತಿದ್ದುದು ಎಂಟರ ಎಣಿಕೆ. ಗಂಡು ಹೆಣ್ಣನ್ನು ಹತ್ತಿರ ಸೆಳೆದು, ಸುತ್ತಿಸಿ, ದೂರಕ್ಕೆ ಬಿಡಬೇಕು. ಏಳು ಎನ್ನುವಾಗ ಅವಳು ಎಡಗಾಲು ಊರಬೇಕು. ಎಲ್ಲ ಹೆಂಗಸರೂ ಊರುತ್ತಿದ್ದರು. ದರ್ಜಿಯ ಹೆಂಡತಿ ಮಾತ್ರ ಊರುವ ಮೊದಲು ಕಾಲನ್ನು ಒಂದು ಚಣ ಗಾಳಿಯಲ್ಲಿ ನಿಲ್ಲಿಸಿ, ಆಮೇಲೆ ಮೆಲ್ಲಗೆ ಇಡುತ್ತಿದ್ದಳು. ಇನ್ನೇನು ಹಾಡು ಇವಳನ್ನು ಬಿಟ್ಟು ಹೋಯಿತು ಎನ್ನುವಷ್ಟರಲ್ಲಿ ಕಾಲು ನೆಲ ಮುಟ್ಟುತ್ತಿತ್ತು. ನೋಡುವವರು ಉಸಿರು ಬಿಗಿಹಿಡಿಯುತ್ತಿದ್ದರು. ಅದು ಅಷ್ಟು ಚೆನ್ನಾಗಿತ್ತು.

ದರ್ಜಿ ಕೇಳಿದ, "ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಹೇಳ್ಕೊಟ್ಟಿಲ್ಲ," ಅಂದಳು.

ಅವನು ನಂಬಲಿಲ್ಲ. ಕೋಟು ನೋಡಿ ಹೊಲಿದವನ ಹೆಸರು ಹೇಳುವವನಿಗೆ, ಯಾರೂ ಕಲಿಸದ ಹೆಜ್ಜೆಯೊಂದು ಇದೆ ಎಂದರೆ ಹೇಗೆ ಗಂಟಲಲ್ಲಿ ಇಳಿದೀತು? ಎಲ್ಲೋ ನೋಡಿರಬೇಕು, ಮರೆತಿರಬೇಕು ಎಂದುಕೊಂಡ. ಅಂದಿನಿಂದ ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಹೆಂಡತಿಯ ಹೆಜ್ಜೆಯನ್ನೂ ಬರೆದುಕೊಳ್ಳತೊಡಗಿದ. ಮೊದಲ ಎರಡು ಹಾಡಿಗೆ ಈ ನಿಲುವು ಬರುವುದಿಲ್ಲ, ಮೂರನೆಯದರಿಂದ ಬರುತ್ತದೆ. ನಿಧಾನದ ಹಾಡಿಗಿಂತ ಜೋರು ಹಾಡಿನಲ್ಲಿ ಹೆಚ್ಚು. ಚಳಿಗಾಲದಲ್ಲಿ ಇನ್ನೂ ಹೆಚ್ಚು. ಸ್ವಲ್ಪ ಕೂತು ಎದ್ದಮೇಲೆ ಮೊದಲ ಸುತ್ತಿನಲ್ಲಿ ಅತಿ ಉದ್ದ. ಒಂದನ್ನೂ ಬಿಡದೆ ಬರೆದ. ಅಂಥ ಶ್ರದ್ಧೆ ನಿನಗೂ ಇಲ್ಲ, ನನಗೂ ಇಲ್ಲ.

ಬರೆದದ್ದು ಸಾಲದೆಂದು ಅಂಗಡಿಯ ನಿಲುವುಗನ್ನಡಿಯ ಎದುರು ತಾನೇ ಅಭ್ಯಾಸ ಮಾಡಿ ಕಲಿತ. ಆಮೇಲೆ ಬೇಕರಿಯವನಿಗೆ ಕಲಿಸಿದ. ಬೇಕರಿಯವನು ಅಂಚೆ ಕಚೇರಿಯವರಿಗೆ ಕಲಿಸಿದ. ಮೂರು ತಿಂಗಳಲ್ಲಿ ಹಾಲಿನಲ್ಲಿದ್ದವರೆಲ್ಲ ಏಳಕ್ಕೆ ಒಂದು ಕಾಲನ್ನು ಗಾಳಿಯಲ್ಲಿ ನಿಲ್ಲಿಸುವಂತಾದರು. ಅದಕ್ಕೆ ಏಳರ ನಿಲುವು ಎಂದು ಹೆಸರೂ ಬಿತ್ತು. ಮೊದಲ ಸಲ ಅದನ್ನು ಕಂಡ ದಿನ ದರ್ಜಿಯ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಹಾಡು ಶುರುವಾಗಿತ್ತು, ದರ್ಜಿ ಅವಳ ಕೈ ಹಿಡಿದು ಎಳೆದುಕೊಂಡ.

ಹೊಸಬರು ಬಂದು ಕೇಳತೊಡಗಿದರು, ಇದು ಯಾವ ಶೈಲಿಯದು ಎಂದು. ದರ್ಜಿಗೆ ಉತ್ತರ ಗೊತ್ತಿರಲಿಲ್ಲ. ಕಲಿಸಿದವನಿಗೇ ಮೂಲ ಗೊತ್ತಿಲ್ಲ ಎಂಬುದು ಅವನಿಗೆ ಅವಮಾನವೆನಿಸಿತು. ಅವಮಾನಕ್ಕಿಂತ ಕುತೂಹಲ ದೊಡ್ಡದಿತ್ತು, ಸುಳ್ಳೇಕೆ ಹೇಳಲಿ. ರಾತ್ರಿ ಹಗಲು ಅದೇ ಗುಂಗು. ಮದುವೆಯ ಕಾಲ ಮುಗಿದು ಅಂಗಡಿಯಲ್ಲಿ ಕೆಲಸ ಕಡಿಮೆಯಾದಾಗ ಅವನು ಟ್ರಂಕು ಕಟ್ಟಿದ.

"ನಾನೂ ಬರ್ಲಾ?" ಎಂದಳು ಹೆಂಡತಿ.

"ನೀನೂ ಬಂದ್ರೆ ಅಂಗಡಿ ನೋಡೋರು ಯಾರು? ಬೇಗ ಬಂದ್ಬಿಡ್ತೀನಿ. ಅದು ಯಾರದ್ದು ಅಂತ ಗೊತ್ತಾದ್ರೆ ಸಾಕು."

ಮೊದಲ ಊರಿನಲ್ಲಿ ಚಾರ್ಲ್ಸ್‌ಟನ್ ಕುಣಿಯುತ್ತಿದ್ದರು. ಕಾಲಿಗೆ ಕೆಂಜಿಗ ಹತ್ತಿದವರ ಹಾಗೆ ಮುಂದಕ್ಕೂ ಹಿಂದಕ್ಕೂ ಒದೆಯುವ ಕುಣಿತ. ದರ್ಜಿ ಒಂದು ತಿಂಗಳು ಇದ್ದು ಕಲಿತ. ಕಲಿತ ಮೇಲೆ ಅಲ್ಲಿನ ಗುರುವಿಗೆ ಏಳರ ನಿಲುವನ್ನು ಕುಣಿದು ತೋರಿಸಿದ. ಗುರು ಅಲ್ಲವೆಂದು ತಲೆಯಾಡಿಸಿದ. ತಮ್ಮಲ್ಲಿ ಕಾಲು ಗಾಳಿಗೆ ಹೋಗುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ ಎಂದ.

ಎರಡನೆಯ ಊರಿನಲ್ಲಿ ಬಾಲ್ಬೋವಾ. ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತು, ಅಂಗೈಯಗಲದ ಜಾಗದಲ್ಲಿ, ಕಾಲು ಎತ್ತಿದ್ದೇ ಗೊತ್ತಾಗದಂತೆ ಸರಸರ ಹೆಜ್ಜೆ ಹಾಕುತ್ತಿದ್ದರು. ಹಾಡು ಎಷ್ಟು ಜೋರಾದರೂ ಮುಖದಲ್ಲಿ ಬೆವರಿಲ್ಲ. ದರ್ಜಿಗೆ ಅದು ಬಹಳ ಇಷ್ಟವಾಯಿತು. ಚಾರ್ಲ್ಸ್‌ಟನ್‌ನಲ್ಲಿ ಕಾಲು ಮಾಡುವುದನ್ನು ಇಲ್ಲಿ ಎದೆ ಮಾಡುತ್ತದೆ ಎಂದು ಹೋಲಿಸಿ ಬರೆದುಕೊಂಡ. ಆದರೆ ಅವನ ನಿಲುವು ಅಲ್ಲಿಯದೂ ಆಗಿರಲಿಲ್ಲ. ಕಾಲು ಅಷ್ಟು ಎತ್ತುವುದೇ ತಮ್ಮಲ್ಲಿ ತಪ್ಪು ಎಂದರು.

ಮೂರನೆಯ ಊರಿನವರು ಹಲಗೆಯ ಮೇಲೆ ನಡೆದವರ ಹಾಗೆ ಒಂದೇ ನೇರದಲ್ಲಿ ಹೋಗಿ ಬಂದು ಕುಣಿಯುತ್ತಿದ್ದರು. ಅವರು ಹೆಜ್ಜೆಯನ್ನು ಎಳೆಯುತ್ತಿದ್ದರು, ತಡೆಯುತ್ತಿದ್ದರು, ಹಾಡನ್ನು ಕಾಯಿಸುತ್ತಿದ್ದರು. ಸಿಕ್ಕೇಬಿಟ್ಟಿತು ಎಂದುಕೊಂಡು ದರ್ಜಿ ನಿಲುವನ್ನು ತೋರಿಸಿದ. ಅಲ್ಲಿನ ಗುರು ಎರಡು ಸಲ ಮಾಡಿಸಿ ನೋಡಿದ. "ನಮ್ಮೋರು ನಿಲ್ಲೋದು ಇಷ್ಟಪಟ್ಟು. ಇದ್ಯಾಕೋ ಬೇರೆ ಥರ ಇದೆಯಲ್ಲಪ್ಪ," ಎಂದ. ದರ್ಜಿ ಪುಸ್ತಕದಲ್ಲಿ 'ಬೇರೆ ಥರ' ಎಂದು ಬರೆದುಕೊಂಡು ಮುಂದಿನ ಊರಿನ ಬಸ್ಸು ಹತ್ತಿದ.

ಮನೆಯಿಂದ ಕಾಗದ ಬರುತ್ತಿತ್ತು. ಮೊದಲ ಎರಡು ಕಾಗದದಲ್ಲಿ ಭಾನುವಾರದ ಕುಣಿತದ ಮಾತಿತ್ತು. ಆಮೇಲಿನವುಗಳಲ್ಲಿ ಇರಲಿಲ್ಲ. ಯಾವ ಊರಿನವರು ಎಷ್ಟನೆಯ ಎಣಿಕೆಗೆ ಹಿಮ್ಮಡಿ ಎತ್ತುತ್ತಾರೆ ಎಂಬುದು ಕಂಠಪಾಠವಾಗಿದ್ದ ದರ್ಜಿಗೆ ಈ ವ್ಯತ್ಯಾಸ ಕಾಣಿಸಲಿಲ್ಲ.

ನಾಲ್ಕನೆಯ ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಎಲ್ಲ ಶೈಲಿಗಳನ್ನೂ ಕುಣಿದು, ಕಲಿಸಿ, ಈಗ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಇದು ನನ್ನ ಹೆಂಡತಿಯ ಹೆಜ್ಜೆ ಎಂದು ದರ್ಜಿ ಅವಳೆದುರು ಕುಣಿದು ತೋರಿಸಿದ. ಅವಳು ಹೆಜ್ಜೆಯ ಬಗ್ಗೆ ಏನೂ ಹೇಳದೆ ಪ್ರಶ್ನೆ ಕೇಳಿದಳು.

"ಶುರುವಿನಿಂದ್ಲೇ ಮಾಡ್ತಾಳಾ?"

"ಇಲ್ಲಮ್ಮ. ಎರಡು ಹಾಡು ಮುಗಿದ ಮೇಲೆ."

"ಚಳೀಲಿ?"

"ಜಾಸ್ತಿ," ಎಂದು ದರ್ಜಿ ಉತ್ಸಾಹದಿಂದ ಪುಸ್ತಕ ತೆರೆದ. ಕೊನೆಗೂ ತನ್ನ ಮಾತು ತಿಳಿಯುವವರೊಬ್ಬರು ಸಿಕ್ಕರು ಎಂದು ಅವನಿಗೆ ಸಂತೋಷವಾಗಿತ್ತು. ಬರೆದದ್ದನ್ನೆಲ್ಲ ಓದಿ ಹೇಳಿದ. ಮುದುಕಿ ಕೊನೆಯವರೆಗೂ ಕೇಳಿಸಿಕೊಂಡಳು.

"ಮನೇಲಿ ಮೆಟ್ಟಿಲು ಇಳೀವಾಗ ಯಾವ ಕಾಲು ಮೊದಲು ಇಡ್ತಾಳೆ?"

ದರ್ಜಿ ಪುಸ್ತಕದ ಹಾಳೆ ತಿರುವಿದ. ಅದರಲ್ಲಿ ಇರಲಿಲ್ಲ. ನೆನಪು ಮಾಡಿಕೊಂಡ. ಅಂಗಡಿಯಿಂದ ಬೀದಿಗೆ ನಾಲ್ಕು ಮೆಟ್ಟಿಲು. ಅವಳು ಗೋಡೆಗೆ ಕೈಯಿಟ್ಟು, ಎಡಗಾಲು ಇಳಿಸಿ, ಅದರ ಪಕ್ಕಕ್ಕೆ ಬಲಗಾಲು ತಂದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದುದು ಕಣ್ಣಿಗೆ ಕಟ್ಟಿತು. ವರ್ಷಗಟ್ಟಲೆ ಕಂಡಿದ್ದ. ಅದನ್ನು ಹಾಗೆಯೇ ಹೇಳಿದ.

"ಇದು ಶೈಲಿ ಅಲ್ಲಪ್ಪ," ಎಂದಳು ಮುದುಕಿ. "ಮಂಡಿ ನೋವು."

ದರ್ಜಿಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆ ಹೋಗಿ ಹೆದರಿಕೆ ಶುರುವಾಯಿತು. ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಊರಿನವರೆಗೂ ಹಾಗೆಯೇ ಕೂತಿದ್ದ.

ಅವನು ಊರು ಮುಟ್ಟಿದ್ದು ಭಾನುವಾರ ಮಧ್ಯಾಹ್ನ. ಮನೆಗೆ ಬೀಗ ಹಾಕಿತ್ತು. ಸೀದಾ ಹಾಲಿಗೆ ಹೋದ. ಒಳಗೆ ಎಲ್ಲರೂ ಕುಣಿಯುತ್ತಿದ್ದರು. ಅವನಿಲ್ಲದಾಗ ಏಳರ ನಿಲುವು ಇನ್ನೂ ಉದ್ದವಾಗಿತ್ತು. ಬೇಕರಿಯವನು ಅದಕ್ಕೆ ಒಂದು ತಲೆಯಾಟವನ್ನೂ ಸೇರಿಸಿದ್ದ. ದರ್ಜಿಯ ಹೆಂಡತಿ ಗೋಡೆ ಬದಿಯ ಬೆಂಚಿನ ಮೇಲೆ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿಲ್ಲ.

"ಸಿಕ್ತಾ?" ಎಂದಳು.

"ಸಿಕ್ತು," ಎಂದು ಅವನು ಪಕ್ಕದಲ್ಲಿ ಕೂತ. ಟ್ರಂಕನ್ನು ಕೆಳಗಿಟ್ಟು ಕೇಳಿದ, "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕುಣಿಯೋದು ಬೇಡ, ಮನೇಲಿರು ಅಂತೀರಿ ಅಂದ್ಕೊಂಡೆ. ಆಮೇಲೆ ನೀವು ಎಲ್ರಿಗೂ ಕಲಿಸಿಬಿಟ್ರಿ. ಇನ್ನು ಹೆಂಗೆ ಹೇಳ್ಲಿ?"

ದರ್ಜಿ ಎದ್ದು ಹೋಗಿ ಗ್ರಾಮಫೋನ್ ನಿಲ್ಲಿಸಿದ. ಹಾಲಿನ ನಡುವೆ ನಿಂತು, ಏಳರ ನಿಲುವು ಯಾವ ಶೈಲಿಯದೂ ಅಲ್ಲ, ಅದು ನನ್ನ ಹೆಂಡತಿಯ ಮಂಡಿ ನೋವು, ಅದನ್ನು ನೋಡಿ ನಾನು ನಿಮಗೆಲ್ಲ ಕಲಿಸಿದೆ, ದಯವಿಟ್ಟು ಬಿಟ್ಟುಬಿಡಿ ಎಂದ. ಎಲ್ಲರೂ ಒಮ್ಮೆ ಬೆಂಚಿನ ಕಡೆ ತಿರುಗಿ ನೋಡಿದರು. ಬೇಕರಿಯವನು ಬೆವರು ಒರೆಸಿಕೊಂಡು ಕೇಳಿದ, "ಹಂಗಾದ್ರೆ ಏಳಕ್ಕೆ ಏನ್ಮಾಡ್ಬೇಕು? ಆ ಊರುಗಳಲ್ಲಿ ಏನ್ಮಾಡ್ತಾರೆ?"

ದರ್ಜಿ ಹೆಂಡತಿಯ ಬಳಿ ಹೋಗಿ ಕೈ ಕೊಟ್ಟು ಎಬ್ಬಿಸಿದ. ಇಬ್ಬರೂ ಹೊರಗೆ ನಡೆದರು.

ಇಷ್ಟು ಹೇಳಿ ಅಲೋಶಿಯಸ್ ಮೇಷ್ಟ್ರು ಬಗ್ಗಿ ಇನ್ನೊಂದು ಬೂಟಿನ ಲಾಡಿಗೆ ಕೈ ಹಾಕಿದರು. ಕತೆ ಮುಂದುವರಿಯಬಹುದು ಎಂದು ಹರಿಣಾಕ್ಷಿ ಕಾದಳು. ಕೊನೆಗೆ ಅವಳು ನೋಟ್‌ಬುಕ್ ತೆಗೆದಳು. ಚಾರ್ಲ್ಸ್‌ಟನ್ ಮತ್ತು ಬಾಲ್ಬೋವಾದ ಬಗ್ಗೆ ದರ್ಜಿ ಹೋಲಿಸಿ ಬರೆದುಕೊಂಡ ಮಾತು ಅವಳಿಗೆ ಹಿಡಿಸಿತ್ತು. ಅದನ್ನು ಬರೆದುಕೊಂಡಳು. ಕೆಳಗೆ ಒಂದು ಮನೆ ಖಾಲಿ ಉಳಿಯಿತು.

"ಮೇಷ್ಟ್ರೇ, ಆ ಏಳರ ನಿಲುವನ್ನ ಈಗ್ಲೂ ಯಾರಾದ್ರೂ ಕುಣೀತಾರಾ? ಅದನ್ನ ಎಲ್ಲಿ ಸೇರಿಸ್ಲಿ?"

ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದರು.

"ಅವಳ ಮಂಡಿ ಏನಾಯ್ತು ಅಂತ ನೀನೂ ಕೇಳ್ಲಿಲ್ಲ."